ಲೋಹವಿಲ್ಲದ ಮಳೆಗಾಲ

ಬಜಪೆಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಚೌಕಟ್ಟು ದಾಟಿದ್ದೇ ತಡ, ಯಂತ್ರ ಕುಂಯ್ ಎಂದಿತು. ಬಳೆ, ಗಡಿಯಾರ, ಕೊರಳ ಸರ ಎಲ್ಲವನ್ನೂ ತೆಗೆದು ಟ್ರೇಗೆ ಹಾಕಿದ್ದೆ. ಆದರೂ ಕೂಗಿತು. ಪರದೆಯ ಹಿಂದೆ ನಿಂತಿದ್ದ ಹುಡುಗಿ ಊರಿನವಳೇ ಇರಬೇಕು. "ಮೆಟಲ್ ಎಂತಾದ್ರೂ ಉಂಟಾ ಮೇಡಂ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಕೈಯಲ್ಲಿದ್ದ ಕೋಲನ್ನು ನನ್ನ ತಲೆಯ ಸುತ್ತ ಒಯ್ದಳು. ಜಡೆಯೊಳಗೆ ನಾನೇ ಮರೆತುಬಿಟ್ಟಿದ್ದ ಒಂದು ಹೇರ್‌ಪಿನ್ ಸಿಕ್ಕಿತು. "ಎಲ್ಲರೂ ಇಲ್ಲ ಅಂತಲೇ ಹೇಳ್ತಾರೆ ಮೇಡಂ, ಹುಡುಕಿದ್ರೆ ಎಲ್ಲಾದ್ರೂ ಒಂದು ಇದ್ದೇ ಇರ್ತದೆ," ಎಂದು ನಕ್ಕು ಬಿಟ್ಟಳು.

ನಾನು ಅವಳಿಗಿಂತ ಜೋರಾಗಿ ನಕ್ಕೆ. ಹಿಂದೆ ಸಾಲಿನಲ್ಲಿದ್ದವರು ಇದೆಂಥ ಹೆಂಗಸು ಎಂಬಂತೆ ನೋಡಿದರು. ಅವರಿಗೇನು ಗೊತ್ತು, ಇದೇ ಮಾತನ್ನು ನನ್ನ ಗೈಡ್ ಆಗಿದ್ದ ಜೆಸಿಂತಾ ಮೇಡಂ ಕೆಲವು ವರ್ಷಗಳ ಹಿಂದೆ ಹೇಳಿದ್ದರು, ಆಗ ನನಗೆ ನಗು ಬಂದಿರಲಿಲ್ಲ. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಗಾಜಿನ ಆಚೆ ರನ್‌ವೇ ಮೇಲೆ ಮಳೆ ಬೀಳುತ್ತಿತ್ತು. ನಾನು ಕುರ್ಚಿಯಲ್ಲಿ ಕುಳಿತು ಆ ಮಳೆಗಾಲವನ್ನೇ ನೆನೆದೆ.

ಆಗ ನಾನು ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದೆ. ಮನೆ ಮಂಗಳೂರಿನ ಉರ್ವದಲ್ಲಿ. ಅಪ್ಪ ಅಲ್ಲೇ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ನಮ್ಮ ಕಾಲೇಜಿನ ಪ್ರಯೋಗಾಲಯ ಊರ ಹೊರಗೆ ಒಂದು ಗುಡ್ಡದ ಮೇಲಿತ್ತು. ಸಿಟಿ ಬಸ್ಸಿನಲ್ಲಿ ಹೋಗಿ, ಇಳಿದು, ಕೊಡೆ ಬಿಡಿಸಿ, ಏರು ಹತ್ತಬೇಕು. ಮಂಗಳೂರಿನ ಮಳೆಗಾಲದಲ್ಲಿ ರಸಾಯನಶಾಸ್ತ್ರ ಮಾಡುವುದೆಂದರೆ ಹರಿವ ಹೊಳೆಯಲ್ಲಿ ನಿಂತು ಬಟ್ಟೆ ಒಣಗಿಸಿದ ಹಾಗೆ. ಫಿಲ್ಟರ್ ಪೇಪರು ನೆನೆದ ಹಪ್ಪಳದಂತೆ ಬಾಗುತ್ತದೆ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಉಪ್ಪು ತಾನೇ ನೀರಾಗುತ್ತದೆ. ಬಿಳಿ ಕೋಟು ಜೂನ್ ತಿಂಗಳಲ್ಲಿ ಒಮ್ಮೆ ಒದ್ದೆಯಾದರೆ ಅಕ್ಟೋಬರ್ ತನಕ ಅದೇ ವಾಸನೆ. ಬೀಗದ ಕೈಗೂ ತುಕ್ಕು. ಇಷ್ಟೆಲ್ಲ ಇದ್ದೂ ಆ ಗುಡ್ಡ ಹತ್ತುವಾಗ ನನಗೊಂದು ಉಮೇದು ಇರುತ್ತಿತ್ತು, ಈಗ ಯೋಚಿಸಿದರೆ ಅಸೂಯೆ ಆಗುವಷ್ಟು.

ಜೆಸಿಂತಾ ಮೇಡಂ ಬಿಕರ್ನಕಟ್ಟೆಯವರು. ಗುರುವಾರ ಬಾಲಯೇಸುವಿನ ಮಂದಿರದಲ್ಲಿ ಕೈಮುಗಿಯದೆ ಕೆಲಸಕ್ಕೆ ಬಂದವರಲ್ಲ. ಬಂದ ಮೇಲೆ ಯಾವ ಮಾತನ್ನೂ ಸಾಕ್ಷಿ ಇಲ್ಲದೆ ನಂಬಿದವರೂ ಅಲ್ಲ. ಅವರ ಯೌವನವೆಲ್ಲ ಕ್ರೋಮಿಯಂ ಜೊತೆ ಕಳೆದಿತ್ತು. ಪಠ್ಯಪುಸ್ತಕದ ಹಳೆಯ ವಿಧಾನ ಅದು: ಒಂದು ಆಲ್ಕೊಹಾಲನ್ನು ಆಲ್ಡಿಹೈಡ್ ಮಾಡಬೇಕಾದರೆ ಕ್ರೋಮಿಯಮ್ಮಿನ ಲವಣ ಹಾಕು, ಕಿತ್ತಳೆ ಬಣ್ಣ ಹಸಿರಾಗುತ್ತದೆ, ಬೇಕಾದ್ದು ಸಿಗುತ್ತದೆ. ಆದರೆ ಆ ಹಸಿರು ರಾಡಿ ಎಲ್ಲಿಗೆ ಹೋಗಬೇಕು? ಚರಂಡಿಗೆ ಬಿಡುವಂತಿಲ್ಲ, ಭೂಮಿಗೆ ಸುರಿಯುವಂತಿಲ್ಲ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಅದರ ಜಾಡಿಗಳು ಸಾಲಾಗಿ ಕುಳಿತಿದ್ದವು. ಮೇಡಂ ಆ ಕೋಣೆಯ ಬಾಗಿಲು ತೆರೆದು ತೋರಿಸಿ, "ಒಂದು ಚಮಚ ಪರಿಮಳಕ್ಕೆ ಒಂದು ಜಾಡಿ ವಿಷ. ಇದು ನನ್ನ ಆಸ್ತಿ ನೋಡು," ಎಂದಿದ್ದರು. ನಿವೃತ್ತಿಗೆ ಮುಂಚೆ ಅವರಿಗಿದ್ದ ಆಸೆ ಒಂದೇ. ಇದೇ ಕೆಲಸವನ್ನು ಕ್ರೋಮಿಯಂ ಇಲ್ಲದೆ, ಯಾವ ಲೋಹವೂ ಇಲ್ಲದೆ, ಬರೀ ಗಾಳಿಯಲ್ಲಿರುವ ಆಮ್ಲಜನಕದಿಂದ ಮಾಡಿಸಬೇಕು. ಆ ಆಸೆಯೇ ನನ್ನ ಪ್ರಬಂಧದ ವಿಷಯವಾಯಿತು.

ಗಾಳಿ ಸುಮ್ಮನೆ ಕೆಲಸ ಮಾಡುವುದಿಲ್ಲ. ನಡುವೆ ಒಬ್ಬ ಬೇಕು. ಅದಕ್ಕೇ ಕೆಟಲಿಸ್ಟ್, ಕನ್ನಡ ಪುಸ್ತಕಗಳಲ್ಲಿ ವೇಗವರ್ಧಕ ಎನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಸಫ್ವಾನ್ ಅದಕ್ಕೆ ಬೇರೆ ವ್ಯಾಖ್ಯೆ ಕೊಡುತ್ತಿದ್ದ. ಬಂದರಿನಲ್ಲಿ ಅವನ ಮನೆಯವರಿಗೆ ತಲೆಮಾರಿನಿಂದ ಅತ್ತರಿನ ಅಂಗಡಿ. ಅಣ್ಣಂದಿರು ಗಲ್ಫಿನಲ್ಲಿ, ಇವನೊಬ್ಬ ಗುಡ್ಡದ ಮೇಲೆ ನಮ್ಮ ಜೊತೆ. "ಕೆಟಲಿಸ್ಟ್ ಅಂದ್ರೆ ಮದುವೆ ದಲ್ಲಾಳಿ ಮಾರಾಯ್ತಿ. ಹುಡುಗ ಹುಡುಗಿಯನ್ನು ಸೇರಿಸ್ತಾನೆ, ತಾನು ಊಟ ಮಾಡದೆ ಹೋಗ್ತಾನೆ," ಎನ್ನುತ್ತಿದ್ದ. ಮೇಡಂ ತಲೆ ಎತ್ತದೆ, "ಊಟ ಮಾಡದೆ ಹೋಗುವ ದಲ್ಲಾಳಿಯನ್ನು ನಾನು ಮಂಗಳೂರಿನಲ್ಲಿ ನೋಡ್ಲಿಲ್ಲ," ಎನ್ನುವರು.

ನಮ್ಮ ದಲ್ಲಾಳಿ ತೆಂಗಿನ ಗೆರಟೆ, ಎಂದರೆ ಕಾಯಿಯ ಚಿಪ್ಪು. ಅಪ್ಪನ ದೇವಸ್ಥಾನದಲ್ಲಿ ದಿನಾ ಕಾಯಿ ಒಡೆಯುತ್ತಾರೆ, ಗೆರಟೆಗೆ ಬರಗಾಲವಿಲ್ಲ. ಅದನ್ನು ಕೆರೆದು, ಪುಡಿ ಮಾಡಿ, ಯೂರಿಯಾ ಬೆರೆಸಿ, ಗಾಳಿ ಸೋಕದಂತೆ ಫರ್ನೇಸಿನಲ್ಲಿ ಸುಟ್ಟರೆ ಒಂದು ಕರಿ ಸಿಗುತ್ತದೆ. ಸಾಮಾನ್ಯ ಇದ್ದಿಲಲ್ಲ, ಯೂರಿಯಾದ ಸಾರಜನಕ ಅದರ ಮೈಯೊಳಗೆ ಅಲ್ಲಲ್ಲಿ ಕೂತಿರುತ್ತದೆ. ಆ ಜಾಗಗಳಲ್ಲೇ ಗಾಳಿಯ ಆಮ್ಲಜನಕ ಬಂದು ಚುರುಕಾಗುತ್ತದೆ ಎಂಬುದು ನಮ್ಮ ನಂಬಿಕೆ. ಇಲ್ಲಿ ನಂಬಿಕೆ ಎಂಬ ಪದವನ್ನು ಬೇಕೆಂದೇ ಬರೆದೆ.

ಕರಿಯನ್ನು ಮೊದಲು ತಿಳಿ ಆಮ್ಲದಲ್ಲಿ ತೊಳೆಯಬೇಕು, ಆಮೇಲೆ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ. ಅಲ್ಲಿ ತೊಡಕಾಯಿತು. ಮೇ ತಿಂಗಳ ಕೊನೆಯ ಒಂದು ಸಿಡಿಲಿಗೆ ನಮ್ಮ ನೀರು ಭಟ್ಟಿಯಿಳಿಸುವ ಯಂತ್ರದ ಸುರುಳಿ ಸುಟ್ಟುಹೋಯಿತು. ದುರಸ್ತಿಯವನು "ನಾಳೆ ಬರ್ತೇನೆ" ಎಂದವನು, ಅವನ ನಾಳೆ ಎಂಬುದು ದೇವರಿಗೇ ಪ್ರೀತಿ. ನಲ್ಲಿಯ ನೀರೋ, ಮೊದಲ ಮಳೆಗೆ ಚಹಾದ ಬಣ್ಣ. ನಮ್ಮ ನೆಲದ ಮುರಕಲ್ಲಿನ ಕೆಂಪು ಎಂದರೆ ಕಬ್ಬಿಣ ಎಂದೇ ಅರ್ಥ. ಲೋಹವಿಲ್ಲದ ಕೆಲಸಕ್ಕೆ ಅದನ್ನು ಹೇಗೆ ಮುಟ್ಟುವುದು? ಪೇಟೆಯ ಬ್ಯಾಟರಿ ನೀರನ್ನು ಮೇಡಂ ಒಳಗೆ ತರಲೂ ಬಿಡಲಿಲ್ಲ. ಕಿಟಕಿಯ ಹೊರಗೆ ಧಾರಾಕಾರ ಸುರಿಯುತ್ತಿತ್ತು. ಮೇಡಂ ಅದನ್ನು ತುಂಬ ಹೊತ್ತು ನೋಡಿದರು.

"ಸಮುದ್ರದ ನೀರನ್ನು ಕಾಯಿಸಿ, ಆವಿ ಮಾಡಿ, ತಂಪು ಮಾಡಿ ಕೆಳಗೆ ಬಿಡುವ ಯಂತ್ರ ನಮ್ಮ ತಲೆಯ ಮೇಲೆಯೇ ಉಂಟಲ್ಲ. ಅದಕ್ಕೆ ಸಿಡಿಲು ಹೊಡೆದ್ರೂ ಎಂತ ಆಗುವುದಿಲ್ಲ," ಎಂದರು.

ಆದರೆ ಕಾಲೇಜಿನ ಮಾಡು ತಗಡಿನದು, ಮೇಲೆ ಪಾರಿವಾಳಗಳ ಸಂಸಾರ. ಅಂಗಳದಲ್ಲಿ ಪಾತ್ರೆ ಇಟ್ಟರೆ ಕೆಂಪು ಮಣ್ಣು ಚಿಮ್ಮುತ್ತದೆ. ಅಂದು ಸಂಜೆ ಮನೆಯಲ್ಲಿ ಈ ಕಷ್ಟ ಹೇಳಿದೆ. ನಮ್ಮ ಮನೆ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಜನಿವಾರ ಸರಿಮಾಡಿಕೊಂಡು ಕೇಳಿದರು, "ಎಂಥ ನೀರು ಬೇಕು ನಿನಗೆ?"

"ಏನೂ ಸೇರದ ನೀರು ಅಪ್ಪ. ಆಕಾಶದಿಂದ ನೇರ ಬಿದ್ದದ್ದು."

"ಅಷ್ಟೇಯಾ? ಅದು ನನ್ನ ಜವಾಬ್ದಾರಿ."

ಮರುದಿನದಿಂದ ಬೆಳಿಗ್ಗೆ ನಾನು ಚಹಾ ಕುಡಿದು ಹೊರಡುವ ಹೊತ್ತಿಗೆ ಒಂದು ಬಿಳಿ ಕ್ಯಾನು ಜಗಲಿಯ ಮೇಲೆ ತುಂಬಿ ಕೂತಿರುತ್ತಿತ್ತು. ಮೇಡಂ ಆ ನೀರಿನಲ್ಲಿ ಲವಣದ ಅಂಶ ಅಳೆಯುವ ಮೀಟರ್ ಇಳಿಸಿ ನೋಡಿ ಹುಬ್ಬೇರಿಸಿದರು. ನಮ್ಮ ಹಳೆಯ ಯಂತ್ರದ ನೀರೂ ಅಷ್ಟು ಚೊಕ್ಕ ಇರಲಿಲ್ಲ. "ನಿನ್ನ ತಂದೆಗೆ ನನ್ನ ನಮಸ್ಕಾರ ಹೇಳು," ಎಂದರು. ನಾನು ಹೇಳಿದೆ. ಅಪ್ಪ ಆ ದಿನ ಊಟಕ್ಕೆ ಕೂತಾಗ ಎರಡು ಸಲ, "ಏನು ಹೇಳಿದರು ಅಂದೆ?" ಎಂದು ಕೇಳಿದರು.

ಮೊದಲ ಪ್ರಯೋಗದ ದಿನವನ್ನು ನಾನು ಸಾಯುವ ತನಕ ಮರೆಯಲಾರೆ. ಗಾಜಿನ ಫ್ಲಾಸ್ಕಿನಲ್ಲಿ ಮಳೆನೀರು, ಅದರಲ್ಲಿ ಒಂದಿಷ್ಟು ಬೆಂಜೈಲ್ ಆಲ್ಕೊಹಾಲ್ ಎಂಬ ಬಣ್ಣವಿಲ್ಲದ ದ್ರವ, ಚಿಟಿಕೆ ಕರಿ. ಗಾಳಿ ಊದಲು ಮೀನಿನ ತೊಟ್ಟಿಗೆ ಇಡುವ ಪುಟ್ಟ ಪಂಪು. ಅದನ್ನು ಸಫ್ವಾನ್ ತನ್ನ ಅಕ್ಕನ ಮಗನ ಮೀನುಗಳಿಗೆ ಬೇರೆಯದು ಕೊಡಿಸಿ ತಂದಿದ್ದ. ಕೆಳಗೆ ಹದವಾದ ಬಿಸಿ. ಇಷ್ಟೇ. ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು, ಹೊರಗೆ ಮಳೆಯ ಸದ್ದು ಅದನ್ನು ಮುಚ್ಚುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದ ಸಫ್ವಾನ್ ಬಾಗಿಲಲ್ಲೇ ನಿಂತ. ಅತ್ತರಿನ ಮನೆಯ ಮೂಗು.

"ಬಂತು," ಎಂದ.

ನಮಗೂ ಬಂತು. ಬಾದಾಮಿ. ಬೇಕರಿಯ ಒಲೆಯ ಮುಂದೆ ನಿಂತಂತೆ, ಸಿಹಿಯೂ ಸ್ವಲ್ಪ ಕಹಿಯೂ ಆದ ಬಾದಾಮಿಯ ಪರಿಮಳ. ಅದೇ ಬೆಂಜಾಲ್ಡಿಹೈಡ್. ಕಿತ್ತಳೆ ಇಲ್ಲ, ಹಸಿರು ಇಲ್ಲ, ರಾಡಿ ಇಲ್ಲ. ಗಾಳಿ ತಾನೇ ಒಳಗೆ ಹೋಗಿ ಒಂದು ವಸ್ತುವನ್ನು ಇನ್ನೊಂದಾಗಿ ಮಾಡಿತ್ತು. ಕರಿ ಕರಿಯಾಗಿಯೇ ಇತ್ತು. ನಾವು ಉಸಿರಾಡುವ ಇದೇ ಗಾಳಿ, ದಿನಾ ನಮ್ಮ ಮೂಗಿನಲ್ಲಿ ಹೋಗಿ ಬರುವ ಇದೇ ಗಾಳಿ, ಇಷ್ಟು ಜಾಣ ಎಂದು ಅಲ್ಲಿಯ ತನಕ ನನಗೆ ಓದಿ ಗೊತ್ತಿತ್ತು, ಕಂಡು ಗೊತ್ತಿರಲಿಲ್ಲ.

ಜೂನ್ ಪೂರ್ತಿ ಅದೇ ಸಂಭ್ರಮ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದೆವು, ಪ್ರತಿ ಸಲವೂ ಬಾದಾಮಿ. ನಾನು ಪ್ರಬಂಧದ ಹೆಸರನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಂಡೆ. ಅದರ ಮೊದಲ ಪದವೇ 'ಲೋಹರಹಿತ'. ಮೇಡಂ ಒಂದು ದಿನ ಅದರ ಮುಂದೆ ನಿಂತು ಕೇಳಿದರು.

"ಲೋಹ ಇಲ್ಲ ಅಂತ ನಿನಗೆ ಹೇಗೆ ಗೊತ್ತು ಸುಮನಾ?"

"ನಾವು ಹಾಕ್ಲಿಲ್ಲವಲ್ಲ ಮೇಡಂ."

"ನಾವು ಹಾಕ್ಲಿಲ್ಲ ಅಂತ ಗೊತ್ತುಂಟು. ಇಲ್ಲ ಅಂತ ಗೊತ್ತುಂಟಾ? ಎಲ್ಲರೂ ಇಲ್ಲ ಅಂತಲೇ ಹೇಳ್ತಾರೆ, ಹುಡುಕಿದ್ರೆ ಎಲ್ಲಾದ್ರೂ ಇದ್ದೇ ಇರ್ತದೆ."

ಈ ವಿದ್ಯೆಯಲ್ಲಿ ಅದೇ ದೊಡ್ಡ ಹೊಂಡ. ಲೋಹ ಎಷ್ಟು ಚುರುಕೆಂದರೆ, ಕಣ್ಣಿಗಿರಲಿ, ಸಾಮಾನ್ಯ ಯಂತ್ರಕ್ಕೂ ಕಾಣದಷ್ಟು ಇದ್ದರೂ ಸಾಕು, ಕೆಲಸವೆಲ್ಲ ತಾನೇ ಮಾಡಿ ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತದೆ. ಮೇಡಂ ಚಿಟಿಕೆ ಕರಿಯನ್ನು ಬೇರೆ ಊರಿನ ಒಂದು ದೊಡ್ಡ ಯಂತ್ರಕ್ಕೆ ಕಳಿಸಿದರು. ಲೋಹದ ಲೇಶವನ್ನೂ ಬಿಡದೆ ಹಿಡಿಯುವ ಯಂತ್ರ. ಜುಲೈಯ ಒಂದು ಬೆಳಿಗ್ಗೆ ಉತ್ತರ ಬಂತು. ಕಬ್ಬಿಣ ಇಲ್ಲ, ಕ್ರೋಮಿಯಂ ಇಲ್ಲ. ತಾಮ್ರ ಉಂಟು.

ತೀರಾ ಅಲ್ಪ. ಆದರೆ ಇಷ್ಟು ಕೆಲಸಕ್ಕೆ ಸಾಲುವಷ್ಟು. ತಾಮ್ರ ಈ ಕೆಲಸದಲ್ಲಿ ಪಳಗಿದ ಕೈ ಎಂಬುದು ಆ ವಿದ್ಯೆಯವರಿಗೆಲ್ಲ ಗೊತ್ತು. ನಾನು ಗೋಡೆಯ ಹಾಳೆಯನ್ನು ನೋಡಲಾರದೆ ಹೋದೆ. ನನ್ನ ಇಷ್ಟು ವರ್ಷಗಳ ಕೆಲಸ ನಿಂತದ್ದೇ ಆ ಒಂದು ಪದದ ಮೇಲೆ. ಅದು ಸುಳ್ಳಾದರೆ ಉಳಿಯುವುದು ಎಂತ? ಸ್ವಲ್ಪ ಇದ್ದಿಲು, ಮೀನಿನ ಪಂಪು. ಫೆಲೋಶಿಪ್ಪು ಆ ವರ್ಷಕ್ಕೆ ಮುಗಿಯುತ್ತಿತ್ತು; ಇನ್ನೊಂದು ವಿಷಯ ಹಿಡಿಯಲು ಸಮಯ ಇರಲಿಲ್ಲ. ಮೇಡಂ ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಅವರು ಹಿಂದಿನ ಕೋಣೆಗೆ ಹೋಗಿ ಆ ಹಸಿರು ಜಾಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ಬಂದರು.

"ತಾಮ್ರ ಎಲ್ಲಿಂದ ಬಂತು ಅಂತ ಮೊದಲು ನೋಡುವ. ಅದನ್ನು ಹೊರಗೆ ಹಾಕುವ. ಆಮೇಲೆಯೂ ಗೆರಟೆ ಕೆಲಸ ಮಾಡಿದ್ರೆ ಅದು ನಮ್ಮದು. ಮಾಡದಿದ್ರೆ ನಮ್ಮದಲ್ಲ, ಅಷ್ಟೇ," ಎಂದರು.

ಶುರುವಾಯಿತು ನಮ್ಮ ಕಳ್ಳ ಹುಡುಕುವ ಕೆಲಸ. ಪಂಪಿನ ಒಳಗೆ ತಾಮ್ರದ ತಂತಿ ಉಂಟೆಂದು ಅದನ್ನು ಬಿಚ್ಚಿ ನೋಡಿದೆವು. ಗಾಳಿ ಅದನ್ನು ಮುಟ್ಟುವುದೇ ಇಲ್ಲ. ಫರ್ನೇಸಿನ ಬೋಗುಣಿ ಬದಲಿಸಿದೆವು. ಕಲಕುವ ಮಣಿ ಹೊಸತು. ಆಮ್ಲದ ಬಾಟಲಿ ಹೊಸತು. ಸಫ್ವಾನ್ ಉಂಗುರ ತೆಗೆದಿಟ್ಟ, ಮೇಡಂ ಬಳೆ ತೆಗೆದಿಟ್ಟರು, ನಾನು ಕಿವಿಯ ಓಲೆಯನ್ನೂ ಕಳಚಿಟ್ಟೆ. "ಹಲ್ಲಿಗೆ ಸಿಮೆಂಟು ಹಾಕಿಸಿದ್ದೇನೆ, ಬಾಯಿ ಮುಚ್ಚಿ ಕೆಲಸ ಮಾಡ್ಬೇಕಾ ಮೇಡಂ?" ಎಂದು ಸಫ್ವಾನ್ ಕೇಳಿದಾಗ, "ಅದು ತಾಮ್ರ ಇಲ್ಲದಿದ್ರೂ ಮಾಡು," ಎಂದರು. ನಗುವಿಗೇನೂ ಕಡಿಮೆ ಇರಲಿಲ್ಲ, ಆದರೆ ಪ್ರತಿ ಸಲ ಯಂತ್ರದ ಉತ್ತರ ಒಂದೇ. ತಾಮ್ರ ಉಂಟು.

ಒಂದು ದಿನ ಬೆಳಿಗ್ಗೆ ಮಳೆ ಎಂದರೆ ಮಳೆ. ಬಸ್ಸು ಹತ್ತಿ ಅರ್ಧ ದಾರಿ ಹೋಗಿದ್ದೆ, ಜಿಲ್ಲೆಗೆಲ್ಲ ರಜೆ ಎಂದು ಫೋನಿನಲ್ಲಿ ಸುದ್ದಿ ಬಂತು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಸವಿಯಾದ ಸುದ್ದಿ ಇನ್ನೊಂದಿಲ್ಲ, ಪಿಎಚ್‌ಡಿ ಮಾಡುವ ಮಕ್ಕಳಿಗೂ. ಇಳಿದು, ಎದುರಿನ ಬಸ್ಸು ಹಿಡಿದು ಮನೆಗೆ ಬಂದೆ. ಗೇಟು ದೂಡಿದರೆ ಅಂಗಳದಲ್ಲಿ ಅಪ್ಪ.

ಪೂಜೆ ಮುಗಿಸಿ ಬಂದಿದ್ದರು. ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಬರಿಮೈಯಲ್ಲಿ ಮಳೆಯ ನಡುವೆ ನಿಂತಿದ್ದರು. ಎದುರು ಒಂದು ಎತ್ತರದ ಮಣೆ, ಕೆಸರು ಹಾರದಂತೆ. ಮಣೆಯ ಮೇಲೆ ಪಾತ್ರೆ, ಅದರ ಬಾಯಿಗೆ ಬಿಗಿದ ಬಿಳಿ ವಸ್ತ್ರ. ಮೊದಲ ಮಳೆಯನ್ನು ಗಾಳಿಯ ಧೂಳು ತೊಳೆಯಲು ಬಿಟ್ಟು, ಆಮೇಲೆ ಬಿದ್ದದ್ದನ್ನು ಮಾತ್ರ ಹಿಡಿಯುತ್ತಿದ್ದರು. ಕಾಗೆ ಹಾರಿದರೆ ಕೈ ಬೀಸಿ ಓಡಿಸುತ್ತಿದ್ದರು. ಅರುವತ್ತು ದಾಟಿದ ಮನುಷ್ಯ, ಮಗಳ ಕೆಲಸಕ್ಕೆ ಒಂದು ಹನಿಯೂ ಕೆಡಬಾರದೆಂದು ಅಭಿಷೇಕಕ್ಕೆ ನಿಂತಷ್ಟೇ ಮನಸ್ಸಿಟ್ಟು ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಆ ಕಣ್ಣಿಗೆ ಪಾತ್ರೆ ಕಂಡಿತು. ಹುಣಸೆಹುಳಿ ಹಾಕಿ ತಿಕ್ಕಿ ಕೆಂಪಗೆ ಹೊಳೆಯುವ ತಾಮ್ರದ ಕೊಡಪಾನ.

ನಾನು ಕೊಡೆ ಮಡಚುವುದನ್ನೂ ಮರೆತೆ. "ಅಪ್ಪ, ನೀರು ಯಾವಾಗಲೂ ಇದರಲ್ಲೇ ಹಿಡಿಯುವುದಾ?"

"ಮತ್ತೆ? ಶುದ್ಧ ನೀರು ಅಂದಿಯಲ್ಲ. ತಾಮ್ರಕ್ಕಿಂತ ಶುದ್ಧ ಯಾವುದುಂಟು? ಇವತ್ತು ಹಿಡಿದು ರಾತ್ರಿ ಇದರಲ್ಲೇ ಇಡ್ತೇನೆ, ಬೆಳಿಗ್ಗೆ ನಿನ್ನ ಕ್ಯಾನಿಗೆ ಹೊಯ್ತೇನೆ. ತಾಮ್ರದಲ್ಲಿ ಒಂದು ರಾತ್ರಿ ಕೂತರೆ ನೀರಿಗೆ ಒಂದು ಗುಣ ಬರ್ತದೆ ಮಗಾ."

ಆ ಗುಣವನ್ನೇ ನಾವು ಇಷ್ಟು ದಿನದಿಂದ ಹುಡುಕುತ್ತಿದ್ದದ್ದು. ಮಳೆನೀರಿಗೆ ತನ್ನದೇ ಆದ ಒಂದು ಸಣ್ಣ ಹುಳಿ ಇರುತ್ತದೆ, ಲವಣ ಇರುವುದಿಲ್ಲ. ಅಂಥ ಹಸಿದ ನೀರು ತಾಮ್ರವನ್ನು ನೆಕ್ಕದೆ ಬಿಡುವುದಿಲ್ಲ. ನೆಕ್ಕಿದ್ದು ಕುಡಿಯುವವರಿಗೆ ಲೆಕ್ಕವೇ ಅಲ್ಲ, ಮೇಡಂ ಇಳಿಸಿದ ಮೀಟರಿಗೂ ಅಲ್ಲ; ಹಾಗಾಗಿ ನೀರಿನ ಮೇಲೆ ನಮಗೆ ಸಂಶಯವೇ ಬಂದಿರಲಿಲ್ಲ. ಆದರೆ ನಮ್ಮ ಕರಿಯ ಮೈಯಲ್ಲಿರುವ ಸಾರಜನಕಕ್ಕೆ ತಾಮ್ರವೆಂದರೆ ಪ್ರಾಣ. ಕ್ಯಾನುಗಟ್ಟಲೆ ನೀರಿನಲ್ಲಿ ತೊಳೆದಾಗ ಒಂದೊಂದು ಕಣವನ್ನೂ ಹಿಡಿದು ಕೂಡಿಟ್ಟುಕೊಂಡಿತ್ತು. ನಾವು ಅದನ್ನು ತೊಳೆಯುತ್ತಿದ್ದೇವೆ ಎಂದುಕೊಂಡಿದ್ದೆವು, ನಿಜವಾಗಿ ಅದಕ್ಕೆ ಉಣಿಸುತ್ತಿದ್ದೆವು.

ಹೇಳುವುದು ಹೇಗೆ? ಹೇಳದೆ ವಿಧಿಯಿಲ್ಲ. ಜಗಲಿಯಲ್ಲಿ ಕೂರಿಸಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಎಷ್ಟೋ ವರ್ಷ ತಾಮ್ರದ ಪಾತ್ರೆಯಿಂದಲೇ ಊರಿಗೆ ತೀರ್ಥ ಕೊಟ್ಟ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಅಂದರೆ ಅಶುದ್ಧವಾದ್ದು ನನ್ನ ಕೊಡಪಾನದಿಂದಲಾ?"

"ಅಶುದ್ಧ ಅಲ್ಲ ಅಪ್ಪ. ನಮ್ಮ ಕೆಲಸಕ್ಕೆ ಆಗುವುದಿಲ್ಲ, ಅಷ್ಟೇ."

ಅಪ್ಪ ಊಟಕ್ಕೆ ಕೂತು ಸಾರಿನ ಅನ್ನಕ್ಕೇ ಎದ್ದರು. ಮಧ್ಯಾಹ್ನ ಆ ಮಳೆಯಲ್ಲಿ ಕೊಡೆ ಹಿಡಿದು ಹೊರಟೇಬಿಟ್ಟರು. ನನಗೆ ಸಂಕಟವಾಯಿತು. ಇಷ್ಟು ದಿನ ಮಳೆಯಲ್ಲಿ ನಿಂತದ್ದಕ್ಕೆ ಇದಾ ಪ್ರತಿಫಲ ಎಂದು ಒಳಗೊಳಗೇ ಕುದಿದೆ. ಒಂದು ಗಂಟೆ ಕಳೆದು ಉರ್ವ ಮಾರ್ಕೆಟಿನಿಂದ ಅಪ್ಪ ಬಂದರು. ಕೈಯಲ್ಲಿ ಹೊಚ್ಚಹೊಸ ಬಿಳಿ ಪ್ಲಾಸ್ಟಿಕ್ ಬಕೆಟು, ಮುಚ್ಚಳ ಸಮೇತ.

ಅಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು. "ಮದುವೆಯಾಗಿ ಬಂದಲ್ಲಿಂದ ಪ್ಲಾಸ್ಟಿಕ್ ಒಳಗೆ ತಂದರೆ ನನ್ನನ್ನು ಹುರಿದು ಮುಕ್ಕಿದವರು ನೀವೇ ಅಲ್ಲವಾ?"

"ನಿನ್ನ ಅಡುಗೆಗೆ ಅಲ್ಲ ಇದು," ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೆಲಸಕ್ಕೆ ಇದು ಮಡಿ ಅಂತಾದರೆ ಇದೇ ಮಡಿ. ತೊಳೆಯುವುದು ಹೇಗೆ ಹೇಳು," ಎಂದರು.

ಹೇಳಿದೆ. ಮರುದಿನ ಬೆಳಿಗ್ಗೆ ಬೇಗ ಎದ್ದು ಕಿಟಕಿಯಿಂದ ನೋಡಿದೆ. ಅದೇ ಸ್ನಾನ, ಅದೇ ಒದ್ದೆ ಪಂಚೆ, ಅದೇ ಮಣೆ, ಅದೇ ಬಿಳಿ ವಸ್ತ್ರ. ಮಣೆಯ ಮೇಲೆ ಪ್ಲಾಸ್ಟಿಕ್ ಬಕೆಟು. ಹಾಲು ಕೊಡಲು ಬಂದವನು ಗೇಟಿನಲ್ಲಿ ಬಾಯಿ ಬಿಟ್ಟು ನಿಂತಿದ್ದ. ರಸಾಯನಶಾಸ್ತ್ರ ನನಗೆ ಬೆರಗು ಕಲಿಸಿತ್ತು ನಿಜ. ಆದರೆ ಒಬ್ಬ ಮನುಷ್ಯ ತನ್ನ ಜೀವಮಾನದ ಶುದ್ಧವನ್ನು ಒಂದು ಮಧ್ಯಾಹ್ನದಲ್ಲಿ ಬದಿಗಿಟ್ಟು, ಶ್ರದ್ಧೆಯನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಬಲ್ಲ ಎಂಬುದರ ಮುಂದೆ ಆ ಬೆರಗು ಸಣ್ಣದಾಗಿ ಕಂಡಿತು. ಆ ಮುಂಜಾನೆ ನಾನು ಕಿಟಕಿಯ ಸರಳು ಹಿಡಿದು ಅತ್ತೆ.

ಹೊಸ ಗೆರಟೆ, ಹೊಸ ಕರಿ, ಹೊಸ ನೀರು. ಈ ಸಲ ಮೇಡಂ ಪ್ರಯೋಗಕ್ಕೆ ಮೊದಲೇ ಕರಿಯನ್ನು ಯಂತ್ರಕ್ಕೆ ಕಳಿಸಿದರು. ಉತ್ತರ ಬಂತು: ತಾಮ್ರವೂ ಇಲ್ಲ, ಬೇರೆ ಲೋಹವೂ ಕಾಣುವುದಿಲ್ಲ. ಕಳ್ಳ ಹೊರಗೆ ಹೋಗಿದ್ದ. ಈಗ ಗೆರಟೆಯ ಪರೀಕ್ಷೆ, ನನ್ನದೂ.

ಮೇಡಂ ಒಂದು ಕಟ್ಟಳೆ ಮಾಡಿದರು. ಯಾರೂ ಮೂಗಿನಿಂದ ತೀರ್ಪು ಕೊಡಬಾರದು, ಅದರಲ್ಲೂ ಸಫ್ವಾನ್. ಆಸೆ ಇದ್ದವನ ಮೂಗಿಗೆ ಇಲ್ಲದ ಪರಿಮಳವೂ ಬರುತ್ತದೆ. ಸಂಜೆ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ನಮ್ಮ ಲ್ಯಾಬಿನಲ್ಲೇ ಇರುವ, ಬೆಂಜಾಲ್ಡಿಹೈಡನ್ನು ಗುರುತಿಸುವ ಯಂತ್ರಕ್ಕೆ ಕೊಡಬೇಕು, ಪರದೆಯಲ್ಲಿ ಗೆರೆ ಎದ್ದರೆ ಮಾತ್ರ ಉಂಟು ಎನ್ನಬೇಕು.

ಮೊದಲ ದಿನ ಸಂಜೆ ಗೆರೆ ನೆಲಕ್ಕೆ ಅಂಟಿಕೊಂಡೇ ಇತ್ತು. ಹಿಂದೆ ತಾಮ್ರ ಇದ್ದಾಗ ಮಧ್ಯಾಹ್ನಕ್ಕೇ ಬಾದಾಮಿ ಬಂದದ್ದು. ಸಫ್ವಾನ್ ನನ್ನ ಮುಖ ನೋಡದೆ ಪಂಪಿನ ಕೊಳವೆ ಸರಿಮಾಡಿದ. ನಾನು ಎಲ್ಲ ಮುಗಿಯಿತೆಂದೇ ಸ್ವಿಚ್ಚಿನ ಕಡೆ ಕೈ ಚಾಚಿದೆ. ಮೇಡಂ ಕೈ ಹಿಡಿದರು.

"ಎಂತ ಅವಸರ? ತಾಮ್ರ ಓಡಿದಷ್ಟು ಗೆರಟೆ ಓಡ್ಬೇಕು ಅಂತ ಯಾರು ಹೇಳಿದ್ದು? ನಡೆದು ಬರ್ಲಿ. ಬರ್ತದಾ ಇಲ್ವಾ ಅಂತ ಮಾತ್ರ ನೋಡುವುದು."

ಪಂಪು ಹಾಗೇ ಗುಳುಗುಳು ಎನ್ನುತ್ತಿರಲು ಬಿಟ್ಟು ಮನೆಗೆ ಹೋದೆವು. ಮರುದಿನ ಸಫ್ವಾನ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತ, ಕಟ್ಟಳೆ ಮುರಿಯಬಾರದೆಂದು. ನಾನು ಕಿಟಕಿಯ ಪಕ್ಕದಲ್ಲಿ, ನೆಗಡಿಯೋ ಅಳುವೋ ಎಂದು ತಿಳಿಯದ ಮೂಗು ಹಿಡಿದುಕೊಂಡು. ಹೊರಗೆ ಮಳೆ ಒಂದೇ ಸಮನೆ. ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಕಾರಿಡಾರಿನಲ್ಲಿ ಯಾರೋ ಕೊಡೆ ಕೊಡವುವ ಸದ್ದಾಯಿತು. ಅಪ್ಪ! ನಾನು ಬೆಳಿಗ್ಗೆ ನೀರಿನ ಕ್ಯಾನನ್ನು ಜಗಲಿಯಲ್ಲೇ ಬಿಟ್ಟು ಬಂದಿದ್ದೆ. ಅದನ್ನು ಹೊತ್ತು, ಎರಡು ಬಸ್ಸು ಬದಲಿಸಿ, ಏರು ಹತ್ತಿ ಬಂದಿದ್ದರು. ನಮ್ಮ ಲ್ಯಾಬಿಗೆ ಅವರು ಬಂದದ್ದು ಅದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೊರಟರು.

"ಅಯ್ಯೋ ಭಟ್ರೇ, ಚಪ್ಪಲಿ ಹಾಕಿ, ಹಾಕಿ! ಇಲ್ಲಿ ಬರಿಗಾಲಲ್ಲಿ ಬರುವ ಹಾಗಿಲ್ಲ," ಎಂದು ಮೇಡಂ ಎದ್ದು ನಿಂತರು. ಕೆಲಸ ಮಾಡುವ ಜಾಗಕ್ಕೆ ಚಪ್ಪಲಿ ಹಾಕಿ ಬರಬೇಕೆಂಬುದು ಅಪ್ಪನಿಗೆ ಪ್ಲಾಸ್ಟಿಕ್ ಬಕೆಟಿಗಿಂತ ಕಷ್ಟವಾಯಿತು. ಸಂಕೋಚದಿಂದ ಮೆಟ್ಟಿಕೊಂಡು ಒಳಗೆ ಬಂದರು. ಕ್ಯಾನನ್ನು ಕೆಳಗಿಟ್ಟರು. ನೆಟ್ಟಗೆ ನಿಂತು ಒಮ್ಮೆ ಉಸಿರೆಳೆದರು.

"ಇಲ್ಲಿ ಬಾದಾಮಿ ಹಾಲು ಕಾಯಿಸಿದ್ದು ಯಾರು?" ಎಂದು ಕೇಳಿದರು.

ಸಫ್ವಾನ್ ಕರವಸ್ತ್ರ ಕಿತ್ತು ಎಸೆದ. ನಾವು ಏನು ಮಾಡುತ್ತೇವೆ, ಎಂಥ ವಾಸನೆಗೆ ಕಾಯುತ್ತೇವೆ ಎಂದು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಮೂಗಿಗೆ ಯಾವ ಆಸೆಯೂ ಇರಲಿಲ್ಲ. ಮೇಡಂ ಮಾತ್ರ ಕಟ್ಟಳೆ ಬಿಡಲಿಲ್ಲ. ತಾವೇ ಹೋಗಿ ಒಂದು ಹನಿ ತೆಗೆದು ಯಂತ್ರಕ್ಕೆ ಕೊಟ್ಟರು. ನಾವೆಲ್ಲ ಪರದೆಯ ಮುಂದೆ ನಿಂತೆವು. ಗೆರೆ ನೆಲದಲ್ಲೇ ಹೋಗುತ್ತಿತ್ತು, ಹೋಗುತ್ತಿತ್ತು. ಆಮೇಲೆ ಎದ್ದಿತು. ಗೋಪುರದ ಹಾಗೆ ನೆಟ್ಟಗೆ ಎದ್ದು, ತುದಿ ಮುಟ್ಟಿ, ಇಳಿಯಿತು.

"ಸಾಯ್ಬಾ," ಎಂದರು ಮೇಡಂ, ತಮ್ಮ ಕೊಂಕಣಿಯಲ್ಲಿ ದೇವರನ್ನು ಕರೆದು. ಅಷ್ಟೇ ಅವರಿಂದ ಆದದ್ದು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದರು.

ಎಂತಾಯಿತೆಂದು ಅಪ್ಪ ಕೇಳಿದರು. ಹೇಳಿದೆ. ತಾಮ್ರ ಇಲ್ಲ, ಕಬ್ಬಿಣ ಇಲ್ಲ, ಯಾವ ಲೋಹವೂ ಇಲ್ಲ. ನೀವು ಕೊಟ್ಟ ಗೆರಟೆ, ನೀವು ಹಿಡಿದ ನೀರು, ಮತ್ತೆ ಗಾಳಿ. ಅವರಿಗೆ ನಂಬಿಕೆ ಬರಲಿಲ್ಲ. ಆ ಗೆರಟೆಯನ್ನು ತೋರಿಸು ಎಂದರು. ಫ್ಲಾಸ್ಕಿನ ದ್ರವವನ್ನು ಸೋಸಿ, ಫಿಲ್ಟರ್ ಪೇಪರಿನ ಮೇಲೆ ಉಳಿದ ಒಂದು ಚಿಟಿಕೆ ಕರಿಯನ್ನು ಅವರ ಮುಂದೆ ಹಿಡಿದೆ. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಗ್ಗಿ ನೋಡಿದರು.

"ಇಷ್ಟು ಕೆಲಸ ಮಾಡಿ ಇದು ಖರ್ಚಾಗಲಿಲ್ಲವಾ?"

"ಇಲ್ಲ ಅಪ್ಪ. ತೊಳೆದು ಒಣಗಿಸಿದರೆ ನಾಳೆ ಪುನಃ ಮಾಡ್ತದೆ."

ಅಪ್ಪ ಇನ್ನಷ್ಟು ಬಗ್ಗಿದರು.

"ಅಜ್ಜನ ಕಾಲದಿಂದ ನಾವು ಇದನ್ನು ಬಚ್ಚಲ ಒಲೆಗೆ ಹಾಕಿ ಸ್ನಾನ ಮಾಡಿದ್ದಲ್ವಾ ಮಗಾ," ಎಂದರು, ಯಾರಿಗೂ ಕೇಳಬಾರದೆಂಬಂತೆ.

ಮೇಡಂ ಸ್ಟೂಲು ಎಳೆದು ಕೂರಲು ಹೇಳಿದರು. ಅಪ್ಪ ಕೂರಲಿಲ್ಲ, ಗರ್ಭಗುಡಿಯ ಎದುರು ನಿಂತ ಹಾಗೆ ಆ ಕರಿಯ ಎದುರು ನಿಂತೇ ಇದ್ದರು.